ಆಲಿಕಲ್ಲು ಬಿದ್ದ ಪಂದ್ಯ

“ಗುರುಗಳೇ, ಸುಖದುಃಖಗಳಲ್ಲಿ ಮನಸ್ಸು ಕದಲದಂತೆ ಇರುವುದನ್ನು ಇಷ್ಟು ವರ್ಷ ನಿಮ್ಮಲ್ಲಿ ಕಲಿತೆ. ಮೊನ್ನೆ ತಾಯಿ ತೀರಿಕೊಂಡಾಗ ಊರವರ ಎದುರಿಗೇ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಕಲಿತದ್ದೆಲ್ಲ ನೀರುಪಾಲಾಯಿತೇ?”

ಕೇಳಿದವನು ನಿಜಗುಣನೆಂಬ ಶಿಷ್ಯ. ತಾಯಿಯ ಕಾರ್ಯ ಮುಗಿಸಿ ಅಂದೇ ಮಠಕ್ಕೆ ಮರಳಿದ್ದ. ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ಸೈಕಲ್ ಸವಾರನಿದ್ದ. ಏರಿನಲ್ಲಿ ಅವನಿಗಿಂತ ಗಟ್ಟಿಗರು ಇದ್ದರು. ಇಳಿಜಾರಿನಲ್ಲಿ ಅವನನ್ನು ಹಿಡಿಯುವವರು ಇರಲಿಲ್ಲ. ಪಂದ್ಯ ಶುರುವಾದ ಮೇಲೆ ಗೆರೆ ದಾಟುವವರೆಗೆ ಕಾಲು ನೆಲಕ್ಕೆ ಊರಿದವನಲ್ಲ ಎಂದು ಜನ ಅವನನ್ನು ಹೊಗಳುತ್ತಿದ್ದರು. ಆ ಮಾತು ಅವನಿಗೂ ಹಿತವಾಗಿತ್ತು.

ಆ ವರ್ಷದ ದೊಡ್ಡ ಪಂದ್ಯ ಬೇಸಿಗೆಯಲ್ಲಿ ಬಂತು. ಗೆದ್ದವನಿಗೆ ರಾಜ್ಯದ ತಂಡದಲ್ಲಿ ಜಾಗ. ಅವನಿಗೆ ವಯಸ್ಸಾಗುತ್ತಿತ್ತು, ಇಂಥ ಅವಕಾಶ ಇನ್ನೊಮ್ಮೆ ಸಿಗುವಂತಿರಲಿಲ್ಲ. ಉರಿಬಿಸಿಲಿಗೆ ಮೈ ಒಗ್ಗಲೆಂದು ತಿಂಗಳುಗಟ್ಟಲೆ ನಡುಹಗಲಿನಲ್ಲೇ ಸೈಕಲ್ ತುಳಿದಿದ್ದ. ಪಂದ್ಯದ ದಿನ ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ತೆಳುವಾದ ಅಂಗಿ ತೊಟ್ಟು ಹೊರಟ. ಉಳಿದವರು ಬಿಸಿಲಿಗೆ ಬಳಲಿದ್ದರಿಂದ, ಬೆಟ್ಟದ ನೆತ್ತಿ ಮುಟ್ಟುವಾಗ ಅವನೇ ಎಲ್ಲರಿಗಿಂತ ಮುಂದಿದ್ದ.

ಅಲ್ಲಿ ಗಾಳಿ ತಿರುಗಿತು. ನೋಡುನೋಡುತ್ತಿದ್ದಂತೆ ಕಪ್ಪು ಕವಿದು ಆಲಿಕಲ್ಲು ಸುರಿಯಿತು. ಕಾದಿದ್ದ ಮೈ ಗಡಗಡ ನಡುಗಿತು. ಬೆರಳುಗಳು ಮರಗಟ್ಟಿದವು. ಇಳಿಜಾರು ಶುರುವಾಗುವ ಮೊದಲು ಬ್ರೇಕ್ ಹಿಡಿದು ನೋಡಿದ. ಹಿಡಿದೆನೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ಎದುರುಗಾಳಿಗೆ ಸೈಕಲ್ ಇನ್ನೂ ನಿಧಾನವಾಗಿಯೇ ಇತ್ತು. ಅವನು ಕಾಲೂರಿ ಇಳಿದ.

ಹಿಂದಿನಿಂದ ಬಂದ ಎದುರಾಳಿ ಕೂಗಿದ: “ಏನೋ, ನೀನೇ ಇಳಿದುಬಿಟ್ಟೆಯಾ?”

“ಕೈ ಹಿಡಿತಕ್ಕೆ ಬರುತ್ತಿಲ್ಲ ಮಾರಾಯ. ನಿನ್ನ ಕೈ ನೋಡಿಕೋ!”

“ಕೆಳಗೆ ಹೋದ ಮೇಲೆ ನೋಡಿಕೊಳ್ಳುತ್ತೇನೆ,” ಎಂದವನು ನಿಲ್ಲದೆ ಹೋದ.

ಸವಾರ ಸೈಕಲ್ ತಳ್ಳಿಕೊಂಡು ನಡೆದ. ಒಬ್ಬೊಬ್ಬರಾಗಿ ಅವನನ್ನು ದಾಟಿ ಹೋದರು. ಅವನಿಗೆ ಅಳು ಬಂತು. ಕಣ್ಣೊರೆಸಿಕೊಳ್ಳಲೂ ಬೆರಳು ಬಾಗಲಿಲ್ಲ.

ಒಂದು ತಿರುವಿನ ಕೆಳಗೆ ಆ ಎದುರಾಳಿ ಸೊಂಟ ಮುರಿದುಕೊಂಡು ಬಿದ್ದಿದ್ದ. ಸವಾರ ಗಾಳಿಗೆ ಬೆನ್ನು ಕೊಟ್ಟು ಅವನಿಗೆ ಮರೆಯಾಗಿ ಕುಳಿತ. ತನ್ನ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡ. ಪಂದ್ಯದವರ ವಾಹನ ಬಂದು ಎದುರಾಳಿಯನ್ನು ಒಯ್ದಿತು. ಅಷ್ಟರಲ್ಲಿ ಸವಾರನ ಬೆರಳುಗಳಿಗೆ ಜೀವ ಬಂದಿತ್ತು. ಸೈಕಲ್ ಹತ್ತಿ, ಬ್ರೇಕ್ ಹಿಡಿಯುತ್ತ ಬಿಡುತ್ತ, ಊರು ಸೇರಿದ. ಕೊನೆಯ ಗೆರೆಯನ್ನು ಮಳೆ ತೊಳೆದುಹಾಕಿತ್ತು. ಆಳುಗಳು ಕಮಾನು ಬಿಚ್ಚುತ್ತಿದ್ದರು. ಯಾರೋ ಗೆದ್ದಿದ್ದರು.

ಸೈಕಲ್ ಕಲಿಸಿದ ಹಿರಿಯನ ಮನೆಗೆ ಹೋಗಿ ಬಾಗಿಲಲ್ಲೇ ನಿಂತು, “ಬೇಕಾದ ದಿನವೇ ಕಲಿತದ್ದು ಕೈಕೊಟ್ಟಿತು,” ಎಂದ. ಹಿರಿಯ ಅವನ ಕೈಗಳನ್ನು ಹಿಡಿದು ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿದ. ಎಲ್ಲವೂ ಸರಿಯಾಗಿದ್ದವು. “ಒಳಗೆ ಬಾ, ಮೊದಲು ಒದ್ದೆ ಬಟ್ಟೆ ಬದಲಿಸು,” ಎಂದಷ್ಟೇ ಹೇಳಿದ. ಕೆಲವು ದಿನಗಳ ಮೇಲೆ ಸವಾರ ಮತ್ತೆ ಅದೇ ಬೆಟ್ಟ ಹತ್ತಿದ.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ತಲೆ ಎತ್ತಲಿಲ್ಲ.

“ಆದರೂ ಅವನು ಸೋತನಲ್ಲವೇ ಗುರುಗಳೇ? ನಾನೂ ಹಾಗೆಯೇ, ಎಲ್ಲರ ಕಣ್ಣೆದುರು ಬಿದ್ದೆ,” ಎಂದ.

“ಬಿದ್ದವನು ನಿಲ್ಲದೆ ಹೋದ ಆ ಎದುರಾಳಿ, ನಿಜಗುಣ. ನೀನು ಸವಾರನಂತೆ ಇಳಿದೆ, ಅಷ್ಟೇ.”