ಜಪ ನಿಂತ ಜಾಗ

ಪಾದ್ರಿಯಾಗಲು ಗುರುಮಠದಲ್ಲಿ ಓದುತ್ತಿದ್ದ ಶಿಷ್ಯನೊಬ್ಬ ಹಿರಿಯ ಗುರುಗಳ ಬಳಿ ಬಂದು ಕೇಳಿದ: "ಸ್ವಾಮಿ, ಇಲ್ಲಿಗೆ ಬರುವಾಗ ನನ್ನಲ್ಲಿ ವಿಶ್ವಾಸವಿತ್ತು. ಈಗ ಅದು ಇದೆಯೋ ಇಲ್ಲವೋ ತಿಳಿಯುತ್ತಿಲ್ಲ. ಅದನ್ನು ಮತ್ತೆ ಹೊಸದು ಮಾಡಿಕೊಳ್ಳುವುದು ಹೇಗೆ?"

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಉಪದೇಶಿ ಇದ್ದ. ಆ ಊರಿನ ಚರ್ಚಿಗೆ ಪಾದ್ರಿಗಳು ತಿಂಗಳಿಗೆ ಎರಡು ಸಲ ಬಂದು ಬಲಿಪೂಜೆ ಅರ್ಪಿಸಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಜಪ ಹೇಳಿಸುವುದು, ಮಕ್ಕಳಿಗೆ ಧರ್ಮೋಪದೇಶ ಕಲಿಸುವುದು, ಸತ್ತವರ ಮನೆಯಲ್ಲಿ ಪ್ರಾರ್ಥನೆ ನಡೆಸುವುದು ಎಲ್ಲವೂ ಉಪದೇಶಿಯ ಕೆಲಸ. ಅವನು ಪುಸ್ತಕ ತೆರೆದವನಲ್ಲ. ಎಲ್ಲ ಜಪಗಳೂ ಅವನಿಗೆ ಬಾಯಿಗೆ ಬರುತ್ತಿದ್ದವು. ಜನ ಅವನಿಗೆ ಗೌರವ ಕೊಡುತ್ತಿದ್ದರು, ಸ್ವಲ್ಪ ಹೆದರುತ್ತಲೂ ಇದ್ದರು.

ಅದೇ ಊರಿನಲ್ಲಿ ಚೌರಪ್ಪ ಎಂಬ ಕಲ್ಲುಕುಟಿಗನಿದ್ದ. ಮದುವೆಯಾದ ಎರಡನೆಯ ವರ್ಷ ಅವನ ಹೆಂಡತಿ ಹೆರಿಗೆಯಲ್ಲಿ ಸತ್ತಳು. ಮಗುವೂ ಉಳಿಯಲಿಲ್ಲ. ಮೂವತ್ತನೆಯ ದಿನ ಚರ್ಚಿನಲ್ಲಿ ಅವಳಿಗಾಗಿ ಪ್ರಾರ್ಥನೆ ನಡೆಯಿತು. ಉಪದೇಶಿ ಜಪ ಮುಗಿಸಿ, ಇದೆಲ್ಲ ದೇವರ ಚಿತ್ತ, ದುಃಖಪಡಬಾರದು ಎಂದು ನಾಲ್ಕು ಮಾತು ಹೇಳಿದ. ಆಗ ಚೌರಪ್ಪ ಎದ್ದು ನಿಂತ.

"ಉಪದೇಶಿಗಳೇ, ಅವಳು ನೋವು ತಿನ್ನುತ್ತಿದ್ದ ಅಷ್ಟು ಹೊತ್ತೂ ನಾನು ಹೊಸ್ತಿಲ ಹೊರಗೆ ಮಂಡಿಯೂರಿ ಬೇಡಿಕೊಂಡೆ. ದೇವರಿಗೆ ಅದು ಕೇಳಿಸಿತ್ತೇ?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅವನಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು. ಎಲ್ಲರೂ ತನ್ನ ಮುಖವನ್ನೇ ನೋಡುತ್ತಿದ್ದದ್ದು ಉಪದೇಶಿಗೆ ಅವಮಾನವೆನಿಸಿತು.

"ದೇವರನ್ನು ಪ್ರಶ್ನೆ ಮಾಡುವವನಿಗೆ ಇಲ್ಲಿ ಜಾಗವಿಲ್ಲ. ಹೊರಗೆ ನಡೆ" ಎಂದ.

ಚೌರಪ್ಪ ಹೊರಗೆ ಹೋದ. ಆಮೇಲೆ ಹದಿನಾಲ್ಕು ವರ್ಷ ಅವನು ಚರ್ಚಿಗೆ ಕಾಲಿಡಲಿಲ್ಲ. ಜನ ಅವನನ್ನು ಮದುವೆ, ನಾಮಕರಣಗಳಿಗೆ ಕರೆಯುವುದನ್ನು ಬಿಟ್ಟರು. ಅವನು ಮತ್ತೆ ಮದುವೆಯಾಗಲಿಲ್ಲ. ತಾನು ಕಲ್ಲು ಒಡೆಯುತ್ತಿದ್ದ ಬಂಡೆಯ ಹತ್ತಿರ ಒಂದು ಶೀಟಿನ ಮನೆಯಲ್ಲಿ ಒಬ್ಬನೇ ಇದ್ದ. ವಿಶ್ವಾಸ ಕಳೆದುಕೊಂಡವನು ಹೇಗಿರುತ್ತಾನೆ ಎಂದು ಕಲಿಸಬೇಕಾದಾಗಲೆಲ್ಲ ಉಪದೇಶಿ ಅವನ ಹೆಸರು ಹೇಳುತ್ತಿದ್ದ.

ಉಪದೇಶಿಗೆ ಒಬ್ಬಳೇ ಮಗಳು, ಅಗ್ನೇಸ್. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನೇ ಅವಳ ತಲೆ ಬಾಚಿ, ಬುತ್ತಿ ಕಟ್ಟಿ ಬೆಳೆಸಿದ್ದ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳಿಗೆ ಜ್ವರ ಬಂತು. ಉಪದೇಶಿ ಆಸ್ಪತ್ರೆಯ ಜಗಲಿಯಲ್ಲೇ ಉಳಿದು, ಒಂಬತ್ತು ದಿನ ಒಪ್ಪತ್ತು ಊಟ ಮಾಡಿ, ಮಾತೆ ಮರಿಯಮ್ಮನಿಗೆ ನವೇನ ಪ್ರಾರ್ಥನೆ ಮಾಡಿದ. ಹತ್ತನೆಯ ದಿನ ಬೆಳಿಗ್ಗೆ ಅವಳು ಸತ್ತಳು.

ಮಗಳನ್ನು ಮಣ್ಣು ಮಾಡುವಾಗ ಅವನೇ ನಿಂತು ಜಪ ಹೇಳಿಸಿದ. ಒಂದು ಮಾತೂ ತಪ್ಪಲಿಲ್ಲ. ಎಂಥ ವಿಶ್ವಾಸ ಇವರದು ಎಂದು ಜನ ಕಣ್ಣೊರೆಸಿಕೊಂಡರು. ಆದರೆ ಬಾಯಿ ಮಾತ್ರ ಹೇಳುತ್ತಿದೆ ಎಂಬುದು ಅವನಿಗೆ ಗೊತ್ತಾಗಿತ್ತು. ಹೇಳುವವನೂ ಇಲ್ಲ, ಕೇಳುವವನೂ ಇಲ್ಲ ಎನಿಸಿತು.

ಪಾದ್ರಿಗಳು ಬಂದಾಗ ಪಾಪನಿವೇದನೆಯಲ್ಲಿ ಇದನ್ನು ಹೇಳಿಕೊಂಡ. ಅವರು, "ಬಿಡದೆ ಜಪ ಮಾಡು, ಕಾಲ ಕಳೆದಂತೆ ಸರಿಹೋಗುತ್ತದೆ" ಎಂದರು. ಅವನು ಬಿಡದೆ ಮಾಡಿದ. ಒಂದು ಜಪಸರ ಹೇಳುವಲ್ಲಿ ಮೂರು ಹೇಳಿದ. ವಾರಕ್ಕೆರಡು ಉಪವಾಸ ಮಾಡಿದ. ಹರಕೆಯ ಚರ್ಚಿಗೆ ನಡೆದುಕೊಂಡೇ ಹೋಗಿಬಂದ. ವರ್ಷ ಕಳೆಯಿತು. ಏನೂ ಸರಿಹೋಗಲಿಲ್ಲ. ಚರ್ಚಿನ ಬಾಗಿಲು ತೆಗೆಯುವುದೂ ಒಂದು ಅಂಗಡಿಯ ಬಾಗಿಲು ತೆಗೆದಂತೆ ಅನಿಸತೊಡಗಿತು.

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಒಂದು ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ ಅವನು ಮನೆಗೆ ಹೋಗಲಿಲ್ಲ. ಬಂಡೆಯ ಕಡೆ ನಡೆದ. ಯಾಕೆ ಹೋದೆ ಎಂದು ಕೇಳಿದ್ದರೆ ಅವನಿಗೂ ಹೇಳಲು ಆಗುತ್ತಿರಲಿಲ್ಲ. ಊರಿನಲ್ಲಿ ತನ್ನ ಸ್ಥಿತಿ ಅರ್ಥವಾಗುವ ಮನುಷ್ಯ ಬೇರೆ ಯಾರೂ ಇಲ್ಲ ಎಂಬುದಷ್ಟೇ ಗೊತ್ತಿತ್ತು.

ಚೌರಪ್ಪ ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದ. ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದು ಎದೆ ಕೆಟ್ಟಿತ್ತು. ಎರಡು ಮಾತಿಗೊಮ್ಮೆ ಕೆಮ್ಮು ಬರುತ್ತಿತ್ತು.

"ದಾರಿ ತಪ್ಪಿ ಬಂದಿರಾ, ಉಪದೇಶಿಗಳೇ?"

"ಇಲ್ಲ. ಅಂದು ನೀನು ಕೇಳಿದ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಚೌರಪ್ಪ. ಅದಕ್ಕೇ ನಿನ್ನನ್ನು ಹೊರಗೆ ಹಾಕಿದೆ."

"ಈಗ ಉತ್ತರ ಸಿಕ್ಕಿತೇ?"

"ಸಿಕ್ಕಿಲ್ಲ. ಈಗ ಆ ಪ್ರಶ್ನೆ ನನಗೂ ಬಂದಿದೆ."

ಚೌರಪ್ಪ ತಾನು ಕೂತಿದ್ದ ಚಾಪೆಯಲ್ಲಿ ಸರಿದು ಜಾಗ ಮಾಡಿದ.

ಅಂದಿನಿಂದ ಉಪದೇಶಿ ದಿನವೂ ಹೋದ. ನೀರು ತಂದಿಟ್ಟ. ಗಂಜಿ ಕಾಯಿಸಿದ. ಚೌರಪ್ಪ ಏಳಲಾಗದೆ ಹೋದ ಮೇಲೆ ಅವನ ಮೈ ಒರೆಸಿದ, ಬಟ್ಟೆ ಒಗೆದ. ಇಬ್ಬರೂ ದೇವರ ಮಾತೆತ್ತಲಿಲ್ಲ. ಒಂದು ದಿನ ಚೌರಪ್ಪನೇ ಹೇಳಿದ.

"ನಾನು ಜಪ ಬಿಟ್ಟವನೆಂದು ಊರಿನಲ್ಲಿ ಹೇಳುತ್ತಾರೆ. ನಾನು ಬಿಟ್ಟಿಲ್ಲ. ಯೇಸುಸ್ವಾಮಿ ಕಲಿಸಿದ ಜಪವನ್ನು ದಿನವೂ ಹೇಳುತ್ತೇನೆ. ಆದರೆ ಪೂರ್ತಿ ಹೇಳಲು ಆಗುವುದಿಲ್ಲ. 'ನಿಮ್ಮ ಚಿತ್ತ ನೆರವೇರಲಿ' ಎನ್ನುವ ಮಾತಿಗೆ ಬಂದಾಗ ನಿಂತುಬಿಡುತ್ತೇನೆ. ಅವಳ ಮುಖ ಕಣ್ಣಿಗೆ ಕಟ್ಟುತ್ತದೆ. ಮನಸ್ಸಿನಲ್ಲಿ ಇಲ್ಲದ್ದನ್ನು ದೇವರ ಎದುರಿಗೆ ಹೇಗೆ ಹೇಳಲಿ? ಸುಮ್ಮನೆ ಕೂತಿರುತ್ತೇನೆ. ಅವರೂ ಕಾಯುತ್ತಿರಬಹುದು ಅಂದುಕೊಳ್ಳುತ್ತೇನೆ."

"ಹದಿನಾಲ್ಕು ವರ್ಷದಿಂದಲೂ?"

"ಒಂದು ದಿನವೂ ಬಿಟ್ಟಿಲ್ಲ."

ಉಪದೇಶಿ ತಲೆ ತಗ್ಗಿಸಿದ. ಆ ಜಪವನ್ನು ಅವನು ಸಾವಿರಾರು ಸಲ ಹೇಳಿದ್ದ, ಇನ್ನೊಬ್ಬರ ಬಾಯಲ್ಲಿ ಹೇಳಿಸಿದ್ದ. ಮಗಳ ಗುಂಡಿಯ ಪಕ್ಕದಲ್ಲೂ ಆ ಮಾತಿನ ಮೇಲೆ ಅವನ ನಾಲಿಗೆ ತಡವರಿಸಿರಲಿಲ್ಲ. ತಾನು ಅದನ್ನು ಒಮ್ಮೆಯೂ ಯಾರಿಗೂ ಹೇಳಿಯೇ ಇಲ್ಲ ಎಂಬುದು ಆ ಕ್ಷಣ ಅವನಿಗೆ ತಿಳಿಯಿತು. ಮಗಳು ಸತ್ತ ಮೇಲೆ ಮೊದಲ ಸಲ ಅವನು ಅತ್ತ. ಚೌರಪ್ಪ ಅವನ ಕೈಯ ಮೇಲೆ ತನ್ನ ಕೈ ಇಟ್ಟುಕೊಂಡು ಮಲಗಿದ್ದ.

ಗರಿಗಳ ಹಬ್ಬದ ಭಾನುವಾರ ಉಪದೇಶಿ ಚರ್ಚಿನಲ್ಲಿ ಎಲ್ಲರ ಎದುರು ನಿಂತು, "ಚೌರಪ್ಪನನ್ನು ಹೊರಗೆ ಕಳಿಸಿದ್ದು ನನ್ನ ಪಾಪ. ಅವನು ಸಾಯುತ್ತಿದ್ದಾನೆ. ಹೋಗಿ ನೋಡಿಬನ್ನಿ" ಎಂದ. ಜನ ಕೈಯಲ್ಲಿದ್ದ ತೆಂಗಿನ ಗರಿಗಳನ್ನು ನೋಡುತ್ತ ಕೂತರು. ನೋಡಲು ಯಾರೂ ಹೋಗಲಿಲ್ಲ.

ಪಾದ್ರಿಗಳ ಕೈಯಿಂದ ಪರಮಪ್ರಸಾದ ಬೇಕೇ ಎಂದು ಅವನು ಚೌರಪ್ಪನನ್ನು ಕೇಳಿದ. ಬೇಕು ಎಂದ. ಪಾದ್ರಿಗಳಿಗೆ ಹೇಳಿಕಳಿಸಿದ್ದಾಯಿತು. ಗುರುವಾರ ಬರುತ್ತೇನೆ ಎಂದು ಉತ್ತರ ಬಂತು. ಚೌರಪ್ಪನ ಉಸಿರು ಬುಧವಾರ ಮಧ್ಯಾಹ್ನವೇ ಏರತೊಡಗಿತು. ಉಪದೇಶಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಜಪ ಹೇಳಿದ. ಚೌರಪ್ಪನ ತುಟಿಗಳು ಜೊತೆಗೆ ಆಡಿದವು. ಆ ಮಾತು ಬಂದಾಗ ತುಟಿಗಳು ನಿಂತವು. ಉಪದೇಶಿಯೂ ನಿಲ್ಲಿಸಿದ. ಇಬ್ಬರೂ ಕಾದರು. ಸ್ವಲ್ಪ ಹೊತ್ತಿನ ಮೇಲೆ ತುಟಿಗಳು ಒಮ್ಮೆ ಅಲುಗಿದವು. ಏನಾದರೂ ಹೇಳಿದನೇ, ಬರೀ ಉಸಿರು ಹೋಯಿತೇ, ಉಪದೇಶಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಅವನು ಹೋಗಿದ್ದ.

ಮಾರನೆಯ ದಿನ ಮಣ್ಣು ಮಾಡಿದರು. ಪಾದ್ರಿಗಳು ಬಂದು ವಿಧಿ ಮುಗಿಸಿ ಮುಂದಿನ ಊರಿಗೆ ಹೊರಟರು. ಏಳೆಂಟು ಜನ ಉಳಿದಿದ್ದರು. ಕೊನೆಯ ಜಪ ಉಪದೇಶಿಯದು. ಅವನು ಶುರುಮಾಡಿದ. ಆ ಮಾತಿನ ಹತ್ತಿರ ಬಂದು ನಿಂತುಬಿಟ್ಟ. ಮರೆತಿದ್ದಾನೆಂದುಕೊಂಡು ಒಬ್ಬಾಕೆ ಮೆಲ್ಲಗೆ ಮುಂದಿನ ಮಾತು ಎತ್ತಿಕೊಟ್ಟಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಬಿಸಿಲು ಏರುತ್ತಿತ್ತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರು ಹೊರಟೂ ಹೋದರು. ಬಹಳ ಹೊತ್ತಿನ ಮೇಲೆ ಅವನು ಆ ಮಾತು ಹೇಳಿದ. ದನಿ ಒಡೆದಿತ್ತು. ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳಿಸಲಿಲ್ಲ. ಆಮೇಲೆ ಉಳಿದದ್ದನ್ನು ಮುಗಿಸಿ, ಒಂದು ಹಿಡಿ ಮಣ್ಣು ಹಾಕಿ ಮನೆಗೆ ಹೋದ.

ಆಮೇಲೂ ಅವನು ಹಾಗೆಯೇ ಜಪ ಹೇಳಿಸುತ್ತಿದ್ದ. ಕೆಲವು ದಿನ ಆ ಮಾತನ್ನು ಬೇಗ ದಾಟುತ್ತಿದ್ದ. ಕೆಲವು ದಿನ ದಾಟಲು ಆಗುತ್ತಲೇ ಇರಲಿಲ್ಲ. ಉಪದೇಶಿಗೆ ವಯಸ್ಸಾಯಿತು, ಜಪ ಮರೆಯುತ್ತಾನೆ ಎಂದು ಜನ ಪಾದ್ರಿಗಳಿಗೆ ದೂರು ಹೇಳಿದರು. ಎರಡು ವರ್ಷದ ಮೇಲೆ ಅವನನ್ನು ಬಿಡಿಸಿ ಬೇರೆಯವರನ್ನು ಇಟ್ಟುಕೊಂಡರು. ಅವನು ಬೇಸರಪಡಲಿಲ್ಲ. ಚರ್ಚಿನಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದ. ಎಲ್ಲರೂ ಎದ್ದುಹೋದ ಮೇಲೂ ಅವನ ಜಪ ಮುಗಿದಿರುತ್ತಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಸ್ವಾಮಿ, ಕೊನೆಗೆ ಅವನಿಗೆ ವಿಶ್ವಾಸ ಮರಳಿ ಬಂತೇ?"

ಗುರುಗಳು ಹೇಳಿದರು: "ಇವತ್ತು ಬೆಳಿಗ್ಗೆ ನೀನು ಆ ಜಪವನ್ನು ಎಲ್ಲಿಯೂ ನಿಲ್ಲದೆ ಹೇಳಿದೆಯಲ್ಲ, ಯಾರಿಗೆ ಹೇಳಿದೆ?"