ನಿಂಬೆಹಣ್ಣಿನ ಮೇಲೆ ನಿಂತ ರೋಬೋಟು

"ಗುರುಗಳೇ, ಸ್ಪರ್ಧೆಯ ರೋಬೋಟಿಗೆ ಚಲನೆ ಅರಿಯುವ ಸೆನ್ಸರ್ ಹಾಕಿದ್ದೇನೆ. ಅದರಿಂದ ಏನೇನು ಉಪಯೋಗ ಪಡೆಯಬಹುದು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಬ್ಬ ಮೆಕ್ಯಾನಿಕ್ ಇದ್ದ. ಎದುರು ಅಂಗಡಿಯಲ್ಲಿ ಒಬ್ಬ ವಾಚ್ ರಿಪೇರಿಯವನಿದ್ದ. ಇಬ್ಬರ ಬೋರ್ಡಿನಲ್ಲೂ 'ನಿಪುಣ' ಎಂಬ ಪದವಿತ್ತು. ಒಂದು ಬೀದಿಗೆ ಒಬ್ಬ ನಿಪುಣ ಸಾಕು ಎಂದು ಇಬ್ಬರಿಗೂ ಅನ್ನಿಸಿತು. ರೋಬೋಟುಗಳ ಕುಸ್ತಿಯಲ್ಲಿ ಸೋತವನು ಆ ಪದ ಅಳಿಸಬೇಕೆಂದು ಪಂಥವಾಯಿತು. ಅಖಾಡದಿಂದ ಹೊರಗೆ ಹೋದ ರೋಬೋಟು ಸೋತಂತೆ.

ಮೆಕ್ಯಾನಿಕ್ ತನ್ನದಕ್ಕೆ ಸೆನ್ಸರ್ ಹಾಕಿದ. ಸ್ವಿಚ್ ಹಾಕಿದಾಗ ರೋಬೋಟು ಹೇಗೆ ನಿಂತಿರುತ್ತದೋ ಅದನ್ನೇ ಸೆನ್ಸರ್ ಮಟ್ಟ ಎಂದು ತಿಳಿಯುತ್ತದೆ. ಆಮೇಲೆ ಆದ ಓರೆಯನ್ನೆಲ್ಲ ಹೇಳುತ್ತದೆ. ಅದಕ್ಕೆ ಅವನು ಒಳ್ಳೆಯ ಉಪಯೋಗವನ್ನೇ ಹುಡುಕಿದ್ದ. ಎದುರಾಳಿ ಹಿಂದಿನಿಂದ ಬಂದು ಹಿಂಭಾಗ ಎತ್ತಿದರೆ ರೋಬೋಟು ಮುಂದಕ್ಕೆ ಓಡಿ ತಪ್ಪಿಸಿಕೊಳ್ಳಬೇಕು. ಅಂಗಡಿಯಲ್ಲಿ ಪರೀಕ್ಷಿಸಿದಾಗ ಹಾಗೇ ಓಡಿತು.

ಸ್ಪರ್ಧೆಯ ದಿನ, ಹೊಸ ಗಾಡಿಗೆ ಮಾಡುವಂತೆ ಅದಕ್ಕೆ ಪೂಜೆ ಮಾಡಿದ. ಕುಂಕುಮ ಹಚ್ಚಿದ. ಮುಂದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟ. ರೋಬೋಟು ಮೂತಿ ಎತ್ತಿಕೊಂಡು ನಿಂತಿತು. ಒಳ್ಳೆಯ ಗಳಿಗೆ ಮೀರಬಾರದೆಂದು ಅಲ್ಲೇ ಸ್ವಿಚ್ ಹಾಕಿದ. ಆರಿಸದೆ ಎತ್ತಿ ಅಖಾಡದಲ್ಲಿಟ್ಟ.

ಎರಡೂ ರೋಬೋಟುಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿದ್ದರು. ಗಂಟೆ ಹೊಡೆಯಿತು, ಚಕ್ರಗಳ ತಡೆ ತೆಗೆದರು. ಅಖಾಡದ ನೆಲ ಸಮವಾಗಿತ್ತು, ಮೂತಿ ಇಳಿದಿತ್ತು. ಹಿಂಭಾಗವನ್ನು ಯಾರೋ ಎತ್ತಿದ್ದಾರೆಂದು ತಿಳಿದು ಅದು ಓಡಿತು. ಎದುರಾಳಿ ತಿರುಗುವಷ್ಟರಲ್ಲಿ ಅದು ಅಖಾಡದ ಹೊರಗಿತ್ತು.

ಇನ್ನೊಂದು ಸುತ್ತು ಉಳಿದಿತ್ತು. ಹಣ್ಣು ಚಿಕ್ಕದಾಯಿತೆಂದು ಮೆಕ್ಯಾನಿಕ್ ದಪ್ಪ ಹಣ್ಣು ತರಿಸಿ ಮತ್ತೆ ಪೂಜೆ ಮಾಡಿ, ಅದರ ಮೇಲೆಯೇ ಸ್ವಿಚ್ ಹಾಕಿದ. ಈ ಸಲ ಅದು ಅಖಾಡ ದಾಟಿ ತೀರ್ಪುಗಾರರ ಮೇಜಿನ ಕೆಳಗೆ ನುಗ್ಗಿತು.

"ಏನಪ್ಪಾ, ನಿನ್ನ ಪೈಲ್ವಾನನಿಗೆ ಮನೆ ನೆನಪಾಯಿತೇ?" ಎಂದ ವಾಚಿನವನು.

"ಸೆನ್ಸರ್ ಸುಳ್ಳು ಹೇಳಿತು ಕಣಯ್ಯಾ."

"ನೀನು ಮೂತಿ ಎತ್ತಿ ನಿಲ್ಲಿಸಿ ಇದೇ ಮಟ್ಟ ಅಂದೆ. ಪಾಪ, ಅದು ನಂಬಿತು."

ಮೆಕ್ಯಾನಿಕ್ ಏಣಿ ಹತ್ತಿ ಪದ ಅಳಿಸಿದ. ಸೆನ್ಸರನ್ನು ಬೈಯುತ್ತಲೇ ಅಳಿಸಿದ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ನಾನು ನಿಂಬೆಹಣ್ಣು ಇಡಬಾರದೇ, ಗುರುಗಳೇ?"

"ಇಡು. ಅದರ ಮೇಲೆ ನಿಂತುಕೊಂಡು ಲೋಕವೇ ಓರೆ ಅನ್ನಬೇಡ."