ಮೂರನೆಯ ಹೊಲಿಗೆಯ ನೂಲು

ರುದ್ರಮುನಿಯ ಹೊಲಿಗೆ ಎಂದರೆ ಹೊಲಿಗೆ. ಹೊಳೆದಂಡೆಯ ಆಶ್ರಮದಲ್ಲಿ ಚೆನ್ನಮಲ್ಲ ಪಂಡಿತರ ಕೈಕೆಳಗೆ ಹನ್ನೆರಡು ವರ್ಷ ವೈದ್ಯ ಕಲಿತವನು. ಅವನು ಸೂಜಿ ಹಾಕಿದ ಗಾಯದ ಗುರುತೇ ಉಳಿಯುತ್ತಿರಲಿಲ್ಲ. ಆ ಜಂಬವೂ ಅವನಿಗೆ ಚೆನ್ನಾಗಿಯೇ ಇತ್ತು, ಇರಲಿ ಬಿಡಿ.

ಅಂಥವನ ಹೊಲಿಗೆ ಈಗ ಎರಡು ಸಲ ಬಿಚ್ಚಿಕೊಂಡಿತ್ತು.

ಅಂಬಿಗರ ದುರ್ಗವ್ವನ ಮಗಳು ಕೆಂಚಿ, ಏಳು ವರ್ಷದವಳು, ದೋಣಿಯಿಂದ ಜಾರಿ ಗೂಟದ ಮೇಲೆ ಬಿದ್ದಿದ್ದಳು. ಹೊಕ್ಕಳ ಕೆಳಗೆ ಗಾಯ, ಮೂತ್ರಕೋಶದವರೆಗೂ. ಆಶ್ರಮದಲ್ಲೇ ಮಲಗಿಸಿಕೊಂಡು ಇಪ್ಪತ್ತು ದಿನವಾದರೂ ಕೂಡಿಕೊಳ್ಳದೆ ಮೂತ್ರ ಜಿನುಗುತ್ತಲೇ ಇತ್ತು. ಇನ್ನೊಂದು ಸಲ ಬಿಚ್ಚಿಕೊಂಡರೆ ಮಗು ಉಳಿಯುವುದಿಲ್ಲ ಎಂದು ರುದ್ರಮುನಿಗೂ ಗೊತ್ತಿತ್ತು.

"ನೂಲೇ ಸರಿಯಿಲ್ಲ ಗುರುಗಳೇ. ಗಟ್ಟಿ ರೇಷ್ಮೆ ಬೇಕು."

"ಮಗು ಏನು ತಿನ್ನುತ್ತಿದೆ?"

"ಕಟ್ಟುನಿಟ್ಟಿನ ಪಥ್ಯ. ಗಂಜಿಯ ತಿಳಿ, ಅದೂ ಅರ್ಧ ಬಟ್ಟಲು. ಮೀನು ಬೇಕೆಂದು ಅಳುತ್ತಾಳೆ, ನಾನು ಬಿಡುತ್ತೇನೆಯೇ!"

"ಅವಳ ತೋಳು ನೋಡಿದ್ದೀಯಾ?"

"ತೋಳೇಕೆ? ಗಾಯದಷ್ಟೇ ಕಿಂಡಿಯಿರುವ ಬಟ್ಟೆ ಹೊದಿಸಿ ಗಾಯ ನೋಡುತ್ತೇನೆ."

ಪಂಡಿತರು ಹೊದಿಕೆಯೊಳಗಿಂದ ಮಗುವಿನ ಕೈಯನ್ನು ಈಚೆಗೆ ತೆಗೆದು ಶಿಷ್ಯನ ಕೈಯಲ್ಲಿಟ್ಟರು. ಅವನ ಎರಡು ಬೆರಳು ಅವಳ ತೋಳನ್ನು ಸುತ್ತಿಬಂದು, ಇನ್ನೂ ಜಾಗ ಉಳಿಯಿತು.

"ಅಯ್ಯೋ ಶಿವನೇ," ಎಂದ ರುದ್ರಮುನಿ. ನಾಚಿಕೆಯಿಂದ ಅವನ ಮುಖ ಕೆಂಪಾಯಿತು.

"ಮೂರನೆಯ ಹೊಲಿಗೆಗೆ ನೂಲು ನಾನು ತರುತ್ತೇನೆ. ಅಲ್ಲಿಯವರೆಗೆ ಸೂಜಿ ಮುಟ್ಟಬೇಡ."

ಪಂಡಿತರು ಅಂಬಿಗರ ಕೇರಿಗೆ ಹೋದರು. ಬರುವಾಗ ಕೈಯಲ್ಲಿ ಬಿಸಿ ಅನ್ನ, ಮೀನು ಸಾರು. ಈರುಳ್ಳಿಯೂ ಒಳಗೆ ಬಾರದ ಆಶ್ರಮ ಅದು! ರುದ್ರಮುನಿ ಮೂಗು ಮುಚ್ಚಿಕೊಂಡ.

"ಇದೇನು ಗುರುಗಳೇ!"

"ನೂಲು."

ಕೆಂಚಿ ಬಟ್ಟಲನ್ನು ಬೆರಳಿನಿಂದ ಬಳಿದು ನೆಕ್ಕಿದಳು.

ಮರುದಿನದಿಂದ ದುರ್ಗವ್ವನ ಮನೆಯಿಂದ ಸಾರು ಹೊತ್ತು ತಂದವನು ರುದ್ರಮುನಿಯೇ. ಒಂದು ತಿಂಗಳು, ಎರಡೂ ಹೊತ್ತು. ಮಗುವಿನ ಕೆನ್ನೆ ತುಂಬಿತು, ತೋಳು ತುಂಬಿತು. ಆಮೇಲೆ ಅದೇ ಹಳೆಯ ನೂಲಿನಿಂದ ಹೊಲಿದ. ಈ ಸಲ ಗಾಯ ಕೂಡಿಕೊಂಡಿತು.

ಕೆಂಚಿ ತನ್ನ ಕಾಲ ಮೇಲೆ ನಡೆದು ದೋಣಿ ಹತ್ತಿದ ದಿನ ಕೇರಿಗೆ ಕೇರಿಯೇ ದಂಡೆಯಲ್ಲಿ ನೆರೆದಿತ್ತು. ದುರ್ಗವ್ವ ರುದ್ರಮುನಿಯ ಕಾಲಿಗೆ ಬಿದ್ದಳು.

"ನಿಮ್ಮ ಕೈಗುಣ ದೊಡ್ಡದು, ಸ್ವಾಮಿ!"

ಹೌದೆಂದು ಸುಮ್ಮನೆ ನಕ್ಕಿದ್ದರೂ ಯಾರೂ ಪ್ರಶ್ನಿಸುತ್ತಿರಲಿಲ್ಲ. ಅವನು ಅವಳನ್ನು ಎಬ್ಬಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಪಥ್ಯ ಪಥ್ಯ ಎಂದು ನಿನ್ನ ಮಗಳನ್ನು ಉಪವಾಸ ಕೆಡವಿದವನು ನಾನು, ದುರ್ಗವ್ವಾ. ನನ್ನ ಹೊಲಿಗೆ ಎರಡು ಸಲ ಸೋತಿತು. ಗೆದ್ದದ್ದು ನಿನ್ನ ಒಲೆ."

ಚೆನ್ನಮಲ್ಲ ಪಂಡಿತರ ಎದೆ ಉಬ್ಬಿತು. ಶಿಷ್ಯನ ಹೆಗಲ ಮೇಲೆ ಕೈಯಿಟ್ಟು ಜನರ ಕಡೆ ತಿರುಗಿದರು.

"ಕೇಳಿಸಿತಲ್ಲ? ಇನ್ನು ಮೇಲೆ ಯಾವ ಮಗುವಿಗೆ ಪೆಟ್ಟಾದರೂ ನನ್ನನ್ನು ಹುಡುಕಬೇಡಿ. ಇವನ ಹತ್ತಿರ ಕರೆತನ್ನಿ."